ಯುಕೆಜಿ ಮಗಳಿಗೆ ಸೈಟ್ ವರ್ಡ್ಸ್: ಕಾರ್ಡಿನಲ್ಲಿ ಬರುತ್ತೆ, ಪುಸ್ತಕದಲ್ಲಿ ಬರಲ್ಲ

ಪುಟ್ಟಿಯಮ್ಮ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಮಗಳಿಗೆ ಐದೂವರೆ ವರ್ಷ, ಯುಕೆಜಿ. ಶಾಲೆ ಇಂಗ್ಲಿಷ್ ಮೀಡಿಯಂ, ಮನೆಯಲ್ಲಿ ಪೂರ್ತಿ ಕನ್ನಡ. ಪ್ರತಿ ಶುಕ್ರವಾರ ಡೈರಿಯಲ್ಲಿ ಹತ್ತು ಸೈಟ್ ವರ್ಡ್ಸ್ (ನೋಡಿದ ತಕ್ಷಣ ಓದಬೇಕಾದ ಪದಗಳು) ಬರೆದು ಕಳಿಸುತ್ತಾರೆ. ಸೋಮವಾರ ಡಿಕ್ಟೇಶನ್. ಶನಿವಾರ, ಭಾನುವಾರ ಮನೆಯಲ್ಲಿ ಇದೇ ರಾಮಾಯಣ.

ನಾನು ರಟ್ಟು ಕತ್ತರಿಸಿ ಕಾರ್ಡ್ ಮಾಡಿಕೊಟ್ಟಿದ್ದೇನೆ. ಕಾರ್ಡ್ ತೋರಿಸಿದರೆ ಟಕಟಕ ಹೇಳುತ್ತಾಳೆ. ಅದೇ ಪದ ಕಥೆ ಪುಸ್ತಕದಲ್ಲಿ ಬಂದರೆ ಮೊದಲ ಸಲ ನೋಡಿದವಳ ಹಾಗೆ ನಿಂತುಬಿಡುತ್ತಾಳೆ. 'ಸೆಡ್' ಬಂದರೆ 'ಸೈಡ್' ಅನ್ನುತ್ತಾಳೆ. 'ವಾಸ್' (was) ಇರುವ ಕಡೆ 'ಸಾ' (saw) ಅನ್ನುತ್ತಾಳೆ. 'ದೇರ್', 'ವೇರ್', 'ಹಿಯರ್' ಮೂರೂ ಅವಳಿಗೆ ಒಂದೇ. ಅವರಪ್ಪ "ಇನ್ನೂ ಚಿಕ್ಕವಳು, ಬಿಡು" ಅಂತಾರೆ. ಅತ್ತೆ "ಗಮನ ಕೊಡಲ್ಲ, ಅಷ್ಟೇ" ಅಂತಾರೆ. ನಿಮ್ಮ ಮನೆಗಳಲ್ಲಿ ಇದನ್ನು ಹೇಗೆ ಕಲಿಸಿದಿರಿ?

ತುಮಕೂರು ರೋಡ್

ಬೆಂಗಳೂರಿನವರು ಸೈಟು ಅಂದಾಗ 30x40 ಅಂದುಕೊಂಡು ಓಡಿ ಬಂದೆ. ಮಕ್ಕಳ ವಿಷಯ ಅಂತ ಆಮೇಲೆ ಗೊತ್ತಾಯಿತು. ಕ್ಷಮಿಸಿ, ಮುಂದುವರಿಸಿ 😄

ಹುಬ್ಬಳ್ಳಿ ಅಪ್ಪ

ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ ಮೇಡಂ. ದಿನಾ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಕಾರ್ಡ್ ತೋರಿಸಿ. ನನ್ನ ಮಗನಿಗೆ ಹಾಗೇ ಬಂತು, ಒಂದನೇ ಕ್ಲಾಸಿಗೆ ಹೋಗುವಷ್ಟರಲ್ಲಿ ಇಡೀ ಪಟ್ಟಿ ಬಾಯಲ್ಲಿತ್ತು. ನಾವು ಮಗ್ಗಿ ಕಲಿತದ್ದು ಹೇಗೆ? ಹೇಳಿ ಹೇಳಿಯೇ ಅಲ್ವಾ. ಅರ್ಥ, ತರ್ಕ ಎಲ್ಲ ಆಮೇಲೆ ಬರುತ್ತದೆ. ಇಂಗ್ಲಿಷ್ ಸ್ಪೆಲಿಂಗಿನಲ್ಲಿ ತರ್ಕ ಹುಡುಕಲು ಹೋದರೆ ನಮಗೇ ತಲೆ ಕೆಡುತ್ತದೆ, ಇನ್ನು ಮಗುವಿನ ಗತಿ ಏನು?

ಪ್ರೈಮರಿ ಮೇಡಂ (ಹಾಸನ)

ಪುಟ್ಟಿಯಮ್ಮ ಅವರೇ, ಒಂದು, ಎರಡನೇ ಕ್ಲಾಸಿಗೆ ಇಂಗ್ಲಿಷ್ ಕಲಿಸಿಕೊಂಡೇ ನನ್ನ ಸರ್ವಿಸ್ ಕಳೆದಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬಿಡುವು ಮಾಡಿಕೊಂಡು ಓದಿ.

ನಿಮ್ಮ ಡೈರಿಗೆ ಬರುವ ಪದಗಳು ಬಹುಶಃ ಡಾಲ್ಚ್ ಪಟ್ಟಿಯವು. ನಮ್ಮ ಕಡೆ ಹೆಚ್ಚಿನ ಶಾಲೆಗಳಲ್ಲಿ ಓಡಾಡುವುದು ಅದೇ. ಎಡ್ವರ್ಡ್ ಡಾಲ್ಚ್ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ರೊಫೆಸರ್. ಮಕ್ಕಳ ಓದಿನಲ್ಲಿ ಮತ್ತೆ ಮತ್ತೆ ಎದುರಾಗುವ ಪದಗಳನ್ನು ಆರಿಸಿ 1936ರಲ್ಲಿ ಈ ಪಟ್ಟಿ ಪ್ರಕಟಿಸಿದರು. ಒಟ್ಟು 220 ಪದ. ನಾಮಪದಗಳು ಇದರಲ್ಲಿಲ್ಲ, ಅವು 95, ಬೇರೆ ಪಟ್ಟಿ. 1957ರಲ್ಲಿ ಎಡ್ವರ್ಡ್ ಫ್ರೈ ಇನ್ನೊಂದು ಪಟ್ಟಿ ತಂದರು. ಅದು ಬೆಳೆದು ಸಾವಿರ ಪದ ಆಯಿತು.

ಡಾಲ್ಚ್ ಪಟ್ಟಿ ಬಂದದ್ದು ಪದವನ್ನು ಇಡಿಯಾಗಿ ತೋರಿಸಿ "ನೋಡು, ಹೇಳು" ಅನ್ನುತ್ತಿದ್ದ ಕಾಲದಲ್ಲಿ. ಅದೂ ಅಮೆರಿಕದ ಮಕ್ಕಳಿಗಾಗಿ. ಆ ಮಕ್ಕಳ ಕಿವಿಗೆ 'ವಾಸ್', 'ಸೆಡ್' ಹುಟ್ಟಿದಾಗಿನಿಂದ ಬಿದ್ದಿರುತ್ತಿತ್ತು. ಅವರು ಕಲಿಯಬೇಕಿದ್ದದ್ದು ಗೊತ್ತಿರುವ ಪದದ ಬರಹ ಮಾತ್ರ. ನಿಮ್ಮ ಮಗಳು ಉಚ್ಚಾರಣೆ, ಅರ್ಥ, ಬರಹ ಮೂರನ್ನೂ ಒಟ್ಟಿಗೆ ಹೊರುತ್ತಿದ್ದಾಳೆ. ಅದರ ಮೇಲೆ ಡಿಕ್ಟೇಶನ್ ಬೇರೆ. ಓದುವುದೇ ಬಾರದ ಪದವನ್ನು ನೋಡದೆ ಬರೆ ಅನ್ನುವುದು ಯಾವ ನ್ಯಾಯ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈಗ ಒಂದು ಕೆಲಸ ಮಾಡಿ. ಪಟ್ಟಿಯ ಮೊದಲ ಹಂತದಲ್ಲಿ 40 ಪದ ಇವೆ. ಅವನ್ನು ಮೂರು ಗುಡ್ಡೆ ಮಾಡಿ.

ಮೊದಲನೇ ಗುಡ್ಡೆ: ಆ್ಯಂಡ್, ಬಿಗ್, ಕ್ಯಾನ್, ಹೆಲ್ಪ್, ಇನ್, ಇಟ್, ಜಂಪ್, ನಾಟ್, ರೆಡ್, ರನ್, ಅಪ್. ಇವು ಬರೆದ ಹಾಗೇ ಓದುವ ಪದಗಳು. ಅಕ್ಷರದ ಸದ್ದು ಗೊತ್ತಿರುವ ಮಗುವಿಗೆ ಇವನ್ನು ಬಾಯಿಪಾಠ ಮಾಡಿಸುವುದೇ ಬೇಡ, ಕೂಡಿಸಿ ಓದುತ್ತದೆ. ಎರಡನೇ ಗುಡ್ಡೆ: ಸೀ, ಮೇಕ್, ಪ್ಲೇ, ಡೌನ್, ಲುಕ್, ಮಿ, ವಿ, ಗೋ ಇಂಥವು. ಇವಕ್ಕೆ ಒಂದೊಂದು ನಿಯಮ ಇದೆ. 'ಎ ವೈ' ಪದದ ಕೊನೆಯಲ್ಲಿ ಒಟ್ಟಿಗೆ ಬಂದರೆ 'ಏ' ಅಂತ ಒಮ್ಮೆ ಹೇಳಿಕೊಟ್ಟರೆ ಪ್ಲೇ, ಡೇ, ಸೇ, ಮೇ ಎಲ್ಲ ಒಟ್ಟಿಗೇ ಬರುತ್ತವೆ. ಮೂರನೇ ಗುಡ್ಡೆಯಲ್ಲಿ ಉಳಿಯುವುದೇ ನಿಜವಾದ ತಂಟೆಕೋರರು. ಸೆಡ್, ಒನ್, ಟು, ದಿ, ವೇರ್, ಕಮ್, ಯೂ. ಅವು ಎಷ್ಟಿವೆ ನೋಡಿ. ಬೆರಳೆಣಿಕೆಯಷ್ಟು.

ತಂಟೆಕೋರ ಪದದಲ್ಲೂ ಎಲ್ಲಾ ಅಕ್ಷರ ತಂಟೆ ಮಾಡುವುದಿಲ್ಲ. 'ಸೆಡ್' ತಗೊಳ್ಳಿ. ಮೊದಲು ಪುಸ್ತಕ ಮುಚ್ಚಿ. ಬಾಯಲ್ಲಿ ಹೇಳಿಸಿ. ಎಷ್ಟು ಸದ್ದು ಇದೆ ಅಂತ ಬೆರಳು ಮಡಚಿಸಿ. ಸ್, ಎ, ಡ್. ಮೂರು. ಹಾಳೆಯ ಮೇಲೆ ಮೂರು ಚೌಕ ಹಾಕಿ. ಮೊದಲ ಚೌಕದಲ್ಲಿ ಎಸ್, ಕೊನೆಯದರಲ್ಲಿ ಡಿ. ಇವೆರಡನ್ನೂ ಅವಳೇ ಬರೆಯುತ್ತಾಳೆ. ನಡುವಿನ ಚೌಕದಲ್ಲಿ ನೀವು ಇಂಗ್ಲಿಷಿನ a ಮತ್ತು i ಬರೆದು "ಈ ಪದದಲ್ಲಿ ಇವೆರಡೂ ಸೇರಿ 'ಎ' ಅಂತ ಸದ್ದು ಮಾಡುತ್ತವೆ, ಇಷ್ಟನ್ನು ಮಾತ್ರ ನೆನಪಿಟ್ಟುಕೋ" ಅನ್ನಿ. ಆ ಚೌಕದ ಮೇಲೆ ಒಂದು ಹೃದಯ ಬರೆಸಿ. ಅಮೆರಿಕದ ಟೀಚರುಗಳು ಇಂಥವನ್ನು ಈಗ 'ಹಾರ್ಟ್ ವರ್ಡ್ಸ್' ಅಂತಲೇ ಕರೆಯುತ್ತಾರೆ. ಚೌಕ ಹಾಕಿ ಸದ್ದು ಎಣಿಸುವ ಉಪಾಯ ಎಲ್ಕೋನಿನ್ ಅನ್ನುವ ಸೋವಿಯತ್ ಮನಶ್ಶಾಸ್ತ್ರಜ್ಞರದು. ನಿಮ್ಮ ಮಗಳು 'ಸೈಡ್' ಅನ್ನುತ್ತಾಳಲ್ಲ, ಅದು ಗಮನ ಇಲ್ಲದ್ದಕ್ಕಲ್ಲ. ಅಕ್ಷರ ನೋಡಿ ಓದಲು ಪ್ರಯತ್ನ ಪಡುತ್ತಿದ್ದಾಳೆ. ನಿಮ್ಮ ಅತ್ತೆಯವರಿಗೆ ಹೇಳಿ, ಅದು ಒಳ್ಳೆ ಲಕ್ಷಣ.

ಹುಬ್ಬಳ್ಳಿ ಅಪ್ಪ

ಮೇಡಂ, ಗೌರವದಿಂದಲೇ ಕೇಳುತ್ತೇನೆ. ಒಂದು 'ಸೆಡ್'ಗೆ ಇಷ್ಟು ಸಂಭ್ರಮ ಮಾಡಿದರೆ 220 ಮುಗಿಯುವುದು ಯಾವಾಗ? ನನ್ನ ಮಗನಿಗೆ ಕಾರ್ಡಿನಲ್ಲಿ ಬಂತಲ್ಲ, ಅದು ಸುಳ್ಳಾ?

ಪ್ರೈಮರಿ ಮೇಡಂ (ಹಾಸನ)

ಸುಳ್ಳಲ್ಲ ಸರ್. ಕೆಲವು ಮಕ್ಕಳು ಕಾರ್ಡ್ ನೋಡುತ್ತಾ ನೋಡುತ್ತಾ ಅಕ್ಷರಕ್ಕೂ ಸದ್ದಿಗೂ ಇರುವ ನಂಟನ್ನು ತಾವೇ ಹಿಡಿದುಬಿಡುತ್ತಾರೆ. ನಿಮ್ಮ ಮಗ ಅಂಥವನಿರಬೇಕು. ಅವನಿಗೆ ಯಾವ ದಾರಿಯಲ್ಲಿ ಕಲಿಸಿದ್ದರೂ ಬರುತ್ತಿತ್ತು. ಹಿಡಿಯಲಾಗದ ಮಗುವಿನ ಕಥೆ ಹೇಳಿ. ಅದಕ್ಕೆ 220 ಪದ ಅಂದರೆ 220 ಫೋನ್ ನಂಬರ್ ಬಾಯಿಪಾಠ ಮಾಡಿದ ಹಾಗೆ. ಇಪ್ಪತ್ತು, ಮೂವತ್ತರವರೆಗೆ ಹೇಗೋ ಹೋಗುತ್ತದೆ. ಆಮೇಲೆ ಹೊಸದು ಬಂದಂತೆ ಹಳೆಯದು ಬಿದ್ದುಹೋಗುತ್ತದೆ.

ಓದು ನೆನಪಿನಲ್ಲಿ ಹೇಗೆ ಕೂರುತ್ತದೆ ಅಂತ ದಶಕಗಳ ಕಾಲ ಸಂಶೋಧನೆ ಮಾಡಿದವರು ಅಮೆರಿಕದ ಲಿನಿಯಾ ಎಹ್ರಿ. ಅವರು ಹೇಳುವುದು ಸರಳ. ದೊಡ್ಡವರಾದ ನಮಗೆ ಬಹುತೇಕ ಎಲ್ಲಾ ಪದವೂ ಸೈಟ್ ವರ್ಡೇ, ನೋಡಿದ ತಕ್ಷಣ ಗೊತ್ತಾಗುತ್ತದೆ. ಆದರೆ ಪದ ಆ ಜಾಗಕ್ಕೆ ಹೋಗಿ ಕೂತದ್ದು ಆಕಾರವಾಗಿ ಅಲ್ಲ. ಒಂದೊಂದು ಅಕ್ಷರವೂ ಒಂದೊಂದು ಸದ್ದಿಗೆ ಅಂಟಿಕೊಂಡು ಕೂತದ್ದು. ಹಾಗಾಗಿ ಕಾರ್ಡ್ ಬಿಸಾಡಿ ಅಂತ ನಾನು ಹೇಳುವುದಿಲ್ಲ. ಸದ್ದು ಬಿಡಿಸಿ ಓದಿದ ಪದ ವೇಗವಾಗಿ ಬರಲಿ ಅಂತ ಕಾರ್ಡ್ ಬಳಸಿ. ಮೊದಲ ಸಲ ಕಲಿಸುವುದಕ್ಕೆ ಬೇಡ.

ಮತ್ತೆ, 220ಕ್ಕೂ ಸಂಭ್ರಮ ಬೇಕಿಲ್ಲ ಸರ್. ಮೂರನೇ ಗುಡ್ಡೆಗೆ ಮಾತ್ರ.

ಕ್ರಾಯ್ಡನ್ ಕನ್ನಡತಿ

ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಮಗ ರಿಸೆಪ್ಷನ್ (ಇಲ್ಲಿನ ಶಾಲೆಯ ಮೊದಲ ವರ್ಷ) ಮುಗಿಸಿ ಈಗ ಇಯರ್ ಒನ್ (ಅದರ ಮುಂದಿನ ವರ್ಷ). ಇಲ್ಲಿ ಸೈಟ್ ವರ್ಡ್ಸ್ ಅನ್ನುವ ಮಾತೇ ಕಡಿಮೆ. 'ಟ್ರಿಕಿ ವರ್ಡ್ಸ್' ಅಂತಾರೆ. ಸರ್ಕಾರದ ಪಠ್ಯಕ್ರಮದಲ್ಲಿ ಅದರ ಹೆಸರು 'ಕಾಮನ್ ಎಕ್ಸೆಪ್ಷನ್ ವರ್ಡ್ಸ್'. 2006ರಲ್ಲಿ ಓದು ಕಲಿಸುವ ಬಗ್ಗೆ ರೋಸ್ ವರದಿ ಬಂದ ಮೇಲೆ ಫೋನಿಕ್ಸ್, ಅಂದರೆ ಅಕ್ಷರದ ಸದ್ದು ಕೂಡಿಸಿ ಓದಿಸುವುದು, ಇಲ್ಲಿ ಎಲ್ಲಾ ಶಾಲೆಗೂ ಮುಖ್ಯ ದಾರಿ ಆಯಿತು. ಮೇಡಂ ಹೇಳಿದ ಮೂರನೇ ಗುಡ್ಡೆ ಮಾತ್ರ ಮನೆಗೆ ಬರುತ್ತದೆ. ಅದೂ ಒಂದು ಸಲಕ್ಕೆ ಸ್ವಲ್ಪ ಸ್ವಲ್ಪ.

ಇಯರ್ ಒನ್ನಿನ ಜೂನ್ ತಿಂಗಳಲ್ಲಿ ಒಂದು ಸಣ್ಣ ಪರೀಕ್ಷೆ ಇರುತ್ತದೆ, 2012ರಿಂದ ಇದೆ. ಮಗು ಟೀಚರ್ ಪಕ್ಕ ಕೂತು 40 ಪದ ಓದಬೇಕು. ತಮಾಷೆ ಏನಂದರೆ ಅದರಲ್ಲಿ 20 ಪದಕ್ಕೆ ಅರ್ಥವೇ ಇಲ್ಲ! ಪಕ್ಕದಲ್ಲಿ ಒಂದು ವಿಚಿತ್ರ ಪ್ರಾಣಿಯ ಚಿತ್ರ ಇರುತ್ತದೆ, ಇದು ಅದರ ಹೆಸರು ಅನ್ನುವ ಹಾಗೆ. ನಮ್ಮಮ್ಮ ಕೇಳಿ "ಇಲ್ಲದ ಪದ ಓದಿಸೋಕೆ ಅಷ್ಟು ದೂರ ಹೋಗಬೇಕಿತ್ತಾ" ಅಂದರು. ಆದರೆ ಉಪಾಯ ಚೆನ್ನಾಗಿದೆ. ಬಾಯಿಪಾಠ ಮಾಡಿದ ಮಗು ಅಲ್ಲಿ ಸಿಕ್ಕಿಬೀಳುತ್ತದೆ. ಸದ್ದು ಕೂಡಿಸಿ ಓದುವ ಮಗು ಆರಾಮಾಗಿ ದಾಟುತ್ತದೆ.

ಪುಟ್ಟಿಯಮ್ಮ, ನೀವೂ ಮಾಡಿ ನೋಡಿ. 'ಬಿಗ್' ಬರುತ್ತದಾ? ಹಾಗಾದರೆ ಬಿ ಜಾಗದಲ್ಲಿ ಎಮ್ ಇಟ್ಟು 'ಮಿಗ್' ಮಾಡಿ ಓದಿಸಿ. ಓದಿದರೆ ಅವಳಿಗೆ ಓದು ಬರುತ್ತಿದೆ ಅಂತ ಅರ್ಥ. ಸುಮ್ನೆ ನಿಮ್ಮ ಮುಖ ನೋಡಿದರೆ 'ಬಿಗ್' ಕೂಡ ನೆನಪಿನಿಂದ ಬಂದದ್ದು.

ಪುಟ್ಟಿಯಮ್ಮ (ಬೆಂಗಳೂರು)

ಈಗಲೇ ಮಾಡಿ ನೋಡಿದೆ. 'ಮಿಗ್' ತೋರಿಸಿದರೆ 'ಮ... ಇ... ಗ...' ಅಂತ ಬಿಡಿಬಿಡಿಯಾಗಿ ಹೇಳಿ, ಕೊನೆಗೆ 'ಮಇಗ' ಅಂದಳು. ಆಮೇಲೆ ತಾನೇ ನಕ್ಕಳು. ಸದ್ದುಗಳು ಗೊತ್ತಿವೆ, ಕೂಡಿಸಲು ಬರುತ್ತಿಲ್ಲ ಅನಿಸುತ್ತದೆ. ಇದಕ್ಕೇನು ಮಾಡಲಿ?

ನಲಿಕಲಿ ಮೇಷ್ಟ್ರು

ಇದು ನಮ್ಮ ಮಕ್ಕಳಲ್ಲಿ ದಿನಾ ನೋಡುವ ವಿಷಯ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಸರ್ಕಾರಿ ಶಾಲೆ ಮೇಷ್ಟ್ರು.

ಕನ್ನಡದ 'ಮ' ಅನ್ನುವ ಅಕ್ಷರದ ಹೊಟ್ಟೆಯಲ್ಲೇ ಒಂದು 'ಅ' ಕೂತಿರುತ್ತದೆ. ಇಂಗ್ಲಿಷ್ ಎಮ್ ಹಾಗಲ್ಲ, ಅದು ಬರೀ 'ಮ್'. ನಮ್ಮ ಮಗು ಎಮ್ ನೋಡಿದಾಗ 'ಮ' ಅನ್ನುತ್ತದೆ, ಜಿ ನೋಡಿದಾಗ 'ಗ' ಅನ್ನುತ್ತದೆ. ಮೂರನ್ನೂ ಕೂಡಿಸಿದರೆ 'ಮಇಗ' ಆಗದೆ ಇನ್ನೇನಾಗುತ್ತದೆ? ಮಗುವಿನ ಲೆಕ್ಕ ಸರಿಯಾಗೇ ಇದೆ. ಎಷ್ಟೋ ಕಡೆ ಟೀಚರುಗಳೇ 'ಬ ಫಾರ್ ಬಾಲ್, ಕ ಫಾರ್ ಕ್ಯಾಟ್' ಅಂತ ಹೇಳಿಕೊಡುತ್ತಾರೆ. ತೊಂದರೆ ಅಲ್ಲೇ ಶುರು.

ನಮಗೆ ಒಂದು ಅನುಕೂಲ ಇದೆ. ಅರ್ಧಾಕ್ಷರ ನಮ್ಮಲ್ಲೇ ಇದೆ. ಮ್, ಗ್, ಸ್ ಅಂತ ಹೇಳುವುದು ಕನ್ನಡದ ಬಾಯಿಗೆ ಕಷ್ಟವೇ ಅಲ್ಲ. ಎಮ್, ಎಸ್, ಎನ್, ಎಲ್, ಎಫ್ ಇವುಗಳ ಸದ್ದನ್ನು ಎಳೆಯಬಹುದು. ಹಾಗಾಗಿ ಅವುಗಳಿಂದ ಶುರು ಮಾಡಿ. "ಮ್‌ಮ್‌ಮ್‌ಮ್ಇಗ್" ಅಂತ ಉಸಿರು ಬಿಡದೆ ಎಳೆದು ಹೇಳಿಸಿ, ನಡುವೆ ನಿಲ್ಲಿಸಬೇಡಿ. ಬಿ, ಡಿ, ಕೆ, ಟಿ ಎಳೆಯಲು ಬರುವುದಿಲ್ಲ, ಅವು ಪದದ ಮೊದಲಲ್ಲಿದ್ದರೆ ಕಷ್ಟ. 'ಸ್ಯಾಟ್', 'ಮ್ಯಾನ್', 'ಸನ್' ಬಂದ ಮೇಲೆ 'ಬಿಗ್'ಗೆ ಬನ್ನಿ. ಅದಕ್ಕೂ ಮೊದಲು ಪುಸ್ತಕ ಇಲ್ಲದೆ ಬರೀ ಬಾಯಾಟ ಆಡಿ. ನೀವು 'ಸ್... ಅ... ನ್' ಅನ್ನಿ, ಅವಳು 'ಸನ್' ಅನ್ನಲಿ. ಸ್ಕೂಟರಿನಲ್ಲಿ ಹೋಗುವಾಗ ಆಡಬಹುದು, ಪಾತ್ರೆ ತೊಳೆಯುವಾಗ ಆಡಬಹುದು.

ಡಲ್ಲಾಸ್ ದೊಡ್ಡಪ್ಪ

ಮೇಷ್ಟ್ರೇ, ನನ್ನದು ಉಲ್ಟಾ ಕಥೆ. ಇಲ್ಲಿ ತಮ್ಮನ ಮಗಳಿಗೆ ಆರು ವರ್ಷ. ಇಂಗ್ಲಿಷ್ ಓದು ಬರುತ್ತದೆ, ಕನ್ನಡ ಮಾತೂ ಬರುತ್ತದೆ. ಕನ್ನಡ ಓದಿಸಬೇಕು ಅಂತ ಆಸೆ. ಇಂಗ್ಲಿಷಿನ ಹಾಗೆ ಕನ್ನಡಕ್ಕೂ ನೂರು ಸೈಟ್ ವರ್ಡ್ಸ್ ಪಟ್ಟಿ ಮಾಡಿ ಕಾರ್ಡ್ ತೋರಿಸಿದರೆ ಬೇಗ ಬರುತ್ತದಾ? ನಾನು, ನೀನು, ಅದು, ಇದು, ಅಲ್ಲಿ, ಇಲ್ಲಿ, ಮತ್ತು, ಆದರೆ... ಹೀಗೆ ಶುರು ಮಾಡಿದ್ದೇನೆ.

ನಲಿಕಲಿ ಮೇಷ್ಟ್ರು

ದೊಡ್ಡಪ್ಪಾವ್ರೇ, ನೀವು ಬರೆದ ಎಂಟು ಪದ ಚೆನ್ನಾಗಿವೆ. ಆದರೆ ಪಟ್ಟಿ ನೂರಕ್ಕೆ ಹೋಗುವಷ್ಟರಲ್ಲಿ ಕನ್ನಡ ನಿಮ್ಮ ಕೈ ಬಿಡುತ್ತದೆ. 'ಮನೆ' ಅಂತ ಕಾರ್ಡ್ ಮಾಡಿದಿರಿ ಅನ್ನಿ. ಪುಸ್ತಕದಲ್ಲಿ ಬರುವುದು ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಯವರು. ಎಷ್ಟು ಕಾರ್ಡ್ ಮಾಡುತ್ತೀರಿ? ಇಲ್ಲಿ ಇಡೀ ಪದಕ್ಕಿಂತ ಬಾಲ ಮುಖ್ಯ. '-ಗೆ', '-ಅಲ್ಲಿ', '-ಇಂದ', '-ಅನ್ನು', '-ಗಳು' ಇವನ್ನು ಕಣ್ಣು ಗುರುತಿಸಿದರೆ ಓದು ಓಡುತ್ತದೆ. ಕಾರ್ಡ್ ಮಾಡುವುದಾದರೆ ಬಾಲಗಳಿಗೆ ಬೇರೆ ಬಣ್ಣದಲ್ಲಿ ಮಾಡಿ, ಮನೆ, ಶಾಲೆ, ಊಟಕ್ಕೆ ಜೋಡಿಸಿ ಆಡಿಸಿ. ನಡುವೆ ಯ, ಕ್ಕೆ ಬರುವುದನ್ನು ಮಾತು ಬರುವ ಮಗು ತಾನೇ ಸರಿಮಾಡಿಕೊಳ್ಳುತ್ತದೆ.

ಇನ್ನೊಂದು ಮಾತು. ಅ ಆ ಇ ಈ ಇಂದ ಹತ್ತಿ ಳ ವರೆಗೆ ಹೋಗಿ ಆಮೇಲೆ ಪದ ಓದಿಸಬೇಕಿಲ್ಲ. ನಮ್ಮ ಶಾಲೆಗಳಲ್ಲಿ 'ರ ಗ ಸ ದ ಅ' ಅಂತ ಶುರು ಮಾಡುತ್ತೇವೆ. ಐದೇ ಅಕ್ಷರದಲ್ಲಿ ಸರ, ಗರಗಸ, ಅರಸ, ಅಗಸ, ದಸರ ಎಲ್ಲ ಓದಬಹುದು. ಕಲಿತ ದಿನವೇ ಮಗುವಿಗೆ "ನಾನು ಓದಿದೆ" ಅನಿಸುತ್ತದೆ. ಆಟದ ಮೂಲಕ ಕಲಿಸುವ ಈ ನಲಿಕಲಿ ಪದ್ಧತಿ 1995ರಲ್ಲಿ ನಮ್ಮ ಎಚ್.ಡಿ. ಕೋಟೆಯಲ್ಲೇ ಶುರುವಾದದ್ದು ಅನ್ನುವ ಹೆಮ್ಮೆ ನನಗೆ ಸ್ವಲ್ಪ ಜಾಸ್ತಿ, ಮನ್ನಿಸಿ.

ಒತ್ತಕ್ಷರಕ್ಕೆ ಅವಸರ ಬೇಡ. ಕನ್ನಡ ಬರೆದ ಹಾಗೇ ಓದುವ ಭಾಷೆ, ಅದಕ್ಕೇ ಸುಲಭ ಅಂತ ನಾವು ಎದೆ ತಟ್ಟಿಕೊಳ್ಳುತ್ತೇವೆ. ಅರ್ಧ ನಿಜ. ಸದ್ದಿನಲ್ಲಿ ಗೊಂದಲ ಇಲ್ಲ, ಆದರೆ ಚಿಹ್ನೆಗಳು ನೂರಾರು. ಕಾಗುಣಿತ, ಒತ್ತು, ದೀರ್ಘ ಎಲ್ಲ ಸೇರಿ. ಸೋನಾಲಿ ನಾಗ್ ಕನ್ನಡ ಓದುವ ಮಕ್ಕಳ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಕ್ಷರಗಳ ಕಲಿಕೆ ಒಂದು, ಎರಡನೇ ಕ್ಲಾಸಿಗೆ ಮುಗಿಯುವುದಿಲ್ಲ, ನಾಲ್ಕನೇ ಕ್ಲಾಸಿನಲ್ಲೂ ನಡೆದೇ ಇರುತ್ತದೆ ಅಂತ ಅದರಲ್ಲಿ ಕಂಡಿತು. 'ಸೂರ್ಯ' ಬರೆಸಿ ನೋಡಿ. 'ರ್' ಸದ್ದು ಮೊದಲು ಕೇಳುತ್ತದೆ, ಅರ್ಕಾವತ್ತು ಆದರೆ ಕೊನೆಗೆ ಬರುತ್ತದೆ. ನಮ್ಮ ತಂಟೆಕೋರ ಅದೇ.

ಡಲ್ಲಾಸ್ ದೊಡ್ಡಪ್ಪ

ಬಣ್ಣದ ಬಾಲ! ಶನಿವಾರವೇ ಮಾಡುತ್ತೇನೆ. ಓದಿಸಲು ಪುಸ್ತಕ ಎಲ್ಲಿ ಸಿಗುತ್ತದೆ? ಇಲ್ಲಿ ಕನ್ನಡ ಪುಸ್ತಕ ಬೇಕಂದರೆ ಊರಿಂದ ಬರುವವರ ಸೂಟ್‌ಕೇಸ್ ಕಾಯಬೇಕು.

ಕ್ರಾಯ್ಡನ್ ಕನ್ನಡತಿ

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ನೋಡಿ. ಎಲ್ಲಾ ಉಚಿತ, ಕನ್ನಡದಲ್ಲೂ ಬೇಕಾದಷ್ಟಿವೆ. ಓದಿನ ಮಟ್ಟದ ಪ್ರಕಾರ ಹುಡುಕಬಹುದು. ಮೊದಲ ಮಟ್ಟದಲ್ಲಿ ಪುಟಕ್ಕೆ ಒಂದೆರಡು ಸಾಲು ಮಾತ್ರ. ಒಂದೇ ಕಥೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸಿಗುತ್ತದೆ. ಮೊದಲು ಕನ್ನಡದಲ್ಲಿ ಕಥೆ ಹೇಳಿ, ಆಮೇಲೆ ಇಂಗ್ಲಿಷ್ ಪುಟ ತೆರೆದರೆ ಅರ್ಥದ ಭಾರ ಇರುವುದಿಲ್ಲ. ಪುಟ್ಟಿಯಮ್ಮ ಅವರಿಗೂ ಇದೇ ಹೇಳುತ್ತೇನೆ.

ಒಂದು ಎಚ್ಚರಿಕೆ. ಮಗು ಚಿತ್ರ ನೋಡಿ ಊಹಿಸಿ ಓದುತ್ತಿದೆಯಾ ಅಂತ ನೋಡಿಕೊಳ್ಳಿ. 'ಪೋನಿ' ಅಂತ ಬರೆದಿದ್ದರೆ ಚಿತ್ರ ನೋಡಿ 'ಹಾರ್ಸ್' ಅನ್ನುತ್ತವೆ, ನಾವು ಭೇಷ್ ಅಂತೇವೆ. ಕೈಯಿಂದ ಚಿತ್ರ ಮುಚ್ಚಿ ಸಾಲು ಓದಿಸಿ, ಆಮೇಲೆ ಚಿತ್ರ ತೋರಿಸಿ.

ಮೈಸೂರಜ್ಜಿ

ನೀವೆಲ್ಲ ಓದಿದವರು, ತತ್ವ ಹೇಳಿದಿರಿ. ನಾನು ಆಟ ಹೇಳುತ್ತೇನೆ. ಮೊಮ್ಮಕ್ಕಳನ್ನು ಸಂಭಾಳಿಸುವ ಕೆಲಸ ನನ್ನದು.

ಅಂಗಳದಲ್ಲಿ ಕುಂಟೆಬಿಲ್ಲೆ ಗೆರೆ ಎಳೆದು ಪ್ರತಿ ಮನೆಯಲ್ಲೂ ಒಂದು ಪದ ಬರೆಯಿರಿ. ಬಿಲ್ಲೆ ಬಿದ್ದ ಮನೆಯ ಪದ ಓದಿದರೆ ಮಾತ್ರ ಕುಂಟಬಹುದು. ಫ್ಲ್ಯಾಟಿನಲ್ಲಿ ಇರುವವರು ಸೀಮೆಸುಣ್ಣದಲ್ಲಿ ಬಾಲ್ಕನಿಯಲ್ಲಿ ಬರೆಯಿರಿ, ಕೆಳಗಿನ ಮನೆಯವರು ಬಂದು ಜಗಳ ಆಡಿದರೆ ನನ್ನ ಹೆಸರು ಹೇಳಬೇಡಿ. ಇನ್ನೊಂದು, ಗೋಡೆಗೆ ಚೀಟಿ ಅಂಟಿಸಿ ಸೊಳ್ಳೆ ಬ್ಯಾಟ್ ಕೈಗೆ ಕೊಡಿ. ನೀವು ಪದ ಕೂಗಿದರೆ ಮಗು ಹುಡುಕಿ ಹೊಡೆಯಬೇಕು. ಬ್ಯಾಟಿನ ಚಾರ್ಜ್ ಪೂರ್ತಿ ತೆಗೆದಿರಬೇಕು, ಹಳೆಯದು ಕೆಟ್ಟದ್ದು ಇದ್ದರೆ ಇನ್ನೂ ಒಳ್ಳೆಯದು. ಸಂಖ್ಯೆ ಬದಲು ಪದ ಹಾಕಿ ಹೌಸಿ ಆಡಬಹುದು. ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ ಬೆರಳಲ್ಲಿ ಬರೆಸಬಹುದು. ಬರೆಯುವಾಗ ಅಕ್ಷರದ ಹೆಸರಲ್ಲ, ಸದ್ದು ಹೇಳಬೇಕು ಅಂತ ನನ್ನ ಸೊಸೆ ಹೇಳಿಕೊಟ್ಟಳು. ಈಗ ಮೇಡಂ ಬರೆದದ್ದು ಓದಿದ ಮೇಲೆ ಯಾಕೆ ಅಂತ ಗೊತ್ತಾಯಿತು.

ಎಲ್ಲಕ್ಕಿಂತ ಚೆನ್ನಾಗಿ ನಡೆಯುವ ಆಟ ಅಂದರೆ ಮಗು ಟೀಚರ್, ನಾನು ಪೆದ್ದಿ. ನಾನು ಬೇಕಂತಲೇ ತಪ್ಪು ಓದುತ್ತೇನೆ. "ಅಜ್ಜೀ, ಅದು ಹಾಗಲ್ಲ!" ಅಂತ ಕೋಲು ಹಿಡಿದು ಬರುತ್ತದೆ.

ತುಮಕೂರು ರೋಡ್

ಅಜ್ಜಿ, ನಿಮ್ಮನ್ನು ಶಿಕ್ಷಣ ಮಂತ್ರಿ ಮಾಡಬೇಕು.

ಗಂಭೀರವಾಗಿ ಒಂದು ಹೇಳುತ್ತೇನೆ. ನಾನು ಮಗನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋಗುವಾಗ ಅಂಗಡಿ ಬೋರ್ಡ್ ಓದಿಸುತ್ತೇನೆ. 2024ರ ಕಾಯ್ದೆ ಬಂದ ಮೇಲೆ ಬೋರ್ಡಿನಲ್ಲಿ 60 ಶೇಕಡಾ ಕನ್ನಡ ಇರಲೇಬೇಕಲ್ಲ. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ಕನ್ನಡ ಓದಿ, ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಹುಡುಕುತ್ತಾನೆ. ಸಿಗ್ನಲ್ಲಿನಲ್ಲಿ ನಿಲ್ಲುವಷ್ಟು ಹೊತ್ತು ಬೆಂಗಳೂರಿನಲ್ಲಿ ಪಾಠಕ್ಕೆ ಧಾರಾಳ.

ಪುಟ್ಟಿಯಮ್ಮ (ಬೆಂಗಳೂರು)

ಎಲ್ಲರಿಗೂ ಥ್ಯಾಂಕ್ಸ್. ಒಂದು ವಿಷಯ ಕೇಳಲು ಹಿಂಜರಿಕೆ. 'ವಾಸ್', 'ಸಾ' ತಿರುವುಮುರುವು, ಬಿ ಮತ್ತು ಡಿ ಗೊಂದಲ. ಗೂಗಲ್ ಮಾಡಿದರೆ ಡಿಸ್ಲೆಕ್ಸಿಯಾ (ಓದಿನ ಕಲಿಕಾ ತೊಂದರೆ) ಅಂತ ಬರುತ್ತದೆ. ರಾತ್ರಿ ನಿದ್ದೆ ಬರುತ್ತಿಲ್ಲ.

ಸ್ಪೀಚ್ ಅಕ್ಕ

ನಾನು ಸ್ಪೀಚ್ ಥೆರಪಿಸ್ಟ್. ನಿಮ್ಮ ಮಗುವನ್ನು ನೋಡದೆ ನಾನು ಏನೂ ತೀರ್ಮಾನ ಹೇಳುವುದಿಲ್ಲ. ಆದರೆ ಐದೂವರೆ ವಯಸ್ಸಿನಲ್ಲಿ ಬಿ-ಡಿ ತಿರುಗುವುದು, ಪದ ತಿರುಗುವುದು ತುಂಬಾ ಸಾಮಾನ್ಯ. ಅಷ್ಟರಿಂದಲೇ ಡಿಸ್ಲೆಕ್ಸಿಯಾ ಅನ್ನುವ ಹಾಗಿಲ್ಲ. ಲೋಟವನ್ನು ಎಡಕ್ಕೆ ತಿರುಗಿಸಿದರೂ ಲೋಟವೇ, ಬಲಕ್ಕೆ ತಿರುಗಿಸಿದರೂ ಲೋಟವೇ. ತಿರುಗಿಸಿದರೆ ಬೇರೆಯಾಗುವುದು ಅಕ್ಷರ ಮಾತ್ರ ಅಂತ ಮಗು ಹೊಸದಾಗಿ ಕಲಿಯುತ್ತಿದೆ. ಬಿ ಮತ್ತು ಡಿ ಒಂದೇ ದಿನ ಅಕ್ಕಪಕ್ಕ ಇಟ್ಟು ಕಲಿಸಬೇಡಿ. ಒಂದು ಗಟ್ಟಿಯಾಗಲಿ, ಆಮೇಲೆ ಇನ್ನೊಂದು. ದೇರ್, ವೇರ್, ಹಿಯರ್‌ಗೂ ಇದೇ ಮಾತು. 'ವಾಸ್' ಓದುವಾಗ ಮೊದಲ ಅಕ್ಷರದ ಕೆಳಗೆ ಒಂದು ಹಸಿರು ಚುಕ್ಕೆ ಇಟ್ಟು, ಬೆರಳು ಅಲ್ಲಿಂದ ಹೊರಡಲಿ.

ನಾನು ಹೆಚ್ಚು ಗಮನಿಸುವುದು ಬೇರೆ ವಿಷಯಗಳನ್ನು. ಮನೆಮಾತಿನಲ್ಲಿ ಪ್ರಾಸ ಗೊತ್ತಾಗುತ್ತದಾ? 'ಮರ' ಯಾವ ಸದ್ದಿನಿಂದ ಶುರು ಅಂದರೆ ಹೇಳುತ್ತಾಳಾ? ಮಾತು ತಡವಾಗಿ ಬಂತಾ? ಮನೆಯಲ್ಲಿ ಯಾರಿಗಾದರೂ ಓದಿನ ತೊಂದರೆ ಇತ್ತಾ? ಕನ್ನಡದಲ್ಲೂ ಇದೇ ಕಷ್ಟ ಇದೆಯಾ? ಕಣ್ಣು, ಕಿವಿ ಪರೀಕ್ಷೆ ಒಮ್ಮೆ ಮಾಡಿಸಿ, ಅದನ್ನು ಎಲ್ಲರೂ ಮರೆಯುತ್ತಾರೆ. ಚೆನ್ನಾಗಿ ಕಲಿಸಿಯೂ ಎರಡನೇ ಕ್ಲಾಸಿನ ಹೊತ್ತಿಗೆ ಓದು ಹತ್ತದಿದ್ದರೆ ಆಗ ತೋರಿಸಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ಕಲಿಕಾ ನ್ಯೂನತೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೂ ಸೇರಿದೆ. ಹಾಗಾಗಿ ಬೇಕಾದರೆ ನೆರವು ಸಿಗುತ್ತದೆ. ಈಗ ನಿದ್ದೆ ಮಾಡಿ.

ಹುಬ್ಬಳ್ಳಿ ಅಪ್ಪ

ಪ್ರೈಮರಿ ಮೇಡಂಗೆ ಒಂದು ಪ್ರಶ್ನೆ. ನಿಮ್ಮ ಮಾತು ಒಪ್ಪಿದೆ ಅಂತಲ್ಲ, ಸುಮ್ನೆ ಕೇಳುತ್ತೇನೆ. ಚಿಕ್ಕವಳು ಬರುವ ವರ್ಷ ಎಲ್‌ಕೆಜಿ. ವಾರಕ್ಕೆ ಎಷ್ಟು ಪದ ಸಾಕು?

ಪ್ರೈಮರಿ ಮೇಡಂ (ಹಾಸನ)

ಎಲ್‌ಕೆಜಿಗೆ ಒಂದೂ ಬೇಡ ಸರ್! ಹಾಡು, ಕಥೆ, ಪ್ರಾಸ, ಸದ್ದಿನ ಆಟ ಸಾಕು. ಓದು ಶುರುವಾದ ಮೇಲೆ ತಂಟೆಕೋರ ಪದ ವಾರಕ್ಕೆ ಮೂರು, ಹೆಚ್ಚೆಂದರೆ ಐದು. ಕಾರ್ಡ್ ಕಟ್ಟಿನಲ್ಲಿ ಒಂಬತ್ತು ಗೊತ್ತಿರುವ ಪದ, ಒಂದು ಹೊಸದು. ಆಗ ಮಗು ಗೆಲ್ಲುತ್ತಲೇ ಇರುತ್ತದೆ. ಐದು ನಿಮಿಷ ಮೀರಬೇಡಿ. ಮತ್ತೆ ಪದ ಒಂಟಿಯಾಗಿ ಬೇಡ. 'ಆಫ್' ಅಂತ ಒಂದೇ ಪದ ಹಿಡಿದು ಅರ್ಥ ಹೇಳಲು ನಮಗೇ ಬರುವುದಿಲ್ಲ. 'ಎ ಕಪ್ ಆಫ್ ಮಿಲ್ಕ್' ಅಂತ ಹಾಲಿನ ಲೋಟ ಕೊಡುವಾಗಲೇ ಹೇಳಿ.

ಪುಟ್ಟಿಯಮ್ಮ, ನಿಮಗೊಂದು ಪ್ರಶ್ನೆ ಬಾಕಿ ಇದೆ. ಕಾರ್ಡ್ ನೀವೇ ಬರೆದದ್ದು ಅಂದಿರಿ. ಯಾವ ಅಕ್ಷರದಲ್ಲಿ? ಕರ್ಸಿವ್ (ಅಕ್ಷರ ಕೂಡಿಸಿ ಬರೆಯುವುದು) ಏನಾದರೂ ಬರೆದಿದ್ದೀರಾ?

ಪುಟ್ಟಿಯಮ್ಮ (ಬೆಂಗಳೂರು)

ಹೌದು ಮೇಡಂ. ಶಾಲೆಯಲ್ಲಿ ಯುಕೆಜಿಯಿಂದಲೇ ಕರ್ಸಿವ್. ಡೈರಿಯಲ್ಲೂ ಕರ್ಸಿವ್. ಡಿಕ್ಟೇಶನ್ನೂ ಅದರಲ್ಲೇ ಬರೆಯಬೇಕು. ಅದಕ್ಕೇ ಕಾರ್ಡೂ ಹಾಗೇ ಬರೆದೆ. ಯಾಕೆ?

ಪ್ರೈಮರಿ ಮೇಡಂ (ಹಾಸನ)

ಯಾಕೆಂದರೆ ಕಥೆ ಪುಸ್ತಕ ಕರ್ಸಿವ್‌ನಲ್ಲಿ ಇರುವುದಿಲ್ಲ. ನೀವು ಒಂದು ಬರಹದಲ್ಲಿ ಕಾರ್ಡ್ ತೋರಿಸುತ್ತಿದ್ದೀರಿ, ಪುಸ್ತಕದಲ್ಲಿ ಅದೇ ಪದ ಬೇರೆ ಬರಹದಲ್ಲಿ ಬರುತ್ತಿದೆ. ಆಕಾರ ನೆನಪಿಟ್ಟುಕೊಂಡ ಮಗುವಿಗೆ ಅದು ಹೊಸ ಪದವೇ. ಎಸ್, ಆರ್, ಎಫ್ ಕರ್ಸಿವ್‌ನಲ್ಲಿ ಪೂರ್ತಿ ಬೇರೆ ಕಾಣುತ್ತವೆ. ಅಚ್ಚಿನಲ್ಲೇ ಸಣ್ಣ ಎ, ಸಣ್ಣ ಜಿ ಎರಡೆರಡು ರೀತಿ ಇರುತ್ತವೆ. ತಲೆಯ ಮೇಲೆ ಕೊಂಡಿ ಇರುವ ಎ ಪುಸ್ತಕದಲ್ಲಿ ಬರುತ್ತದೆ, ನಾವು ಕೈಯಲ್ಲಿ ಬರೆಯುವುದು ಬರೀ ದುಂಡನೆಯ ಎ.

ನಾಳೆ ಕಾರ್ಡಿನ ಹಿಂಬದಿಯಲ್ಲಿ ಅದೇ ಪದವನ್ನು ಅಚ್ಚಿನ ಅಕ್ಷರದಲ್ಲಿ ಬರೆಯಿರಿ, ಅಥವಾ ಹಳೆ ಪುಸ್ತಕದಿಂದ ಕತ್ತರಿಸಿ ಅಂಟಿಸಿ. ಓದಿಗೆ ಆ ಬದಿ, ಡಿಕ್ಟೇಶನ್ನಿಗೆ ಈ ಬದಿ. ಓದುವುದು ಮೊದಲು. ಟೀಚರ್ ಹತ್ತಿರ ಒಮ್ಮೆ ಮಾತಾಡಿ, ಡೈರಿಯಲ್ಲಿ ಎರಡೂ ರೀತಿ ಬರೆದು ಕಳಿಸಿ ಅಂತ ಕೇಳಿ. ಜಗಳದ ಧ್ವನಿಯಲ್ಲಿ ಬೇಡ. ಅವರ ಕ್ಲಾಸಿನಲ್ಲೂ ನಲವತ್ತು ಮಕ್ಕಳಿರುತ್ತಾರೆ.

ಪುಟ್ಟಿಯಮ್ಮ (ಬೆಂಗಳೂರು)

ಅಯ್ಯೋ, ಇದು ಹೊಳೆದೇ ಇರಲಿಲ್ಲ. ಅವರಪ್ಪನಿಗೆ ಆಫೀಸಿನಿಂದ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತರಲು ಹೇಳಿದ್ದೇನೆ. ಮೊದಲು ಮೂರನೇ ಗುಡ್ಡೆಯ ಏಳು ಪದ ಮಾತ್ರ. ಮೇಷ್ಟ್ರೇ, 'ಸನ್' ಬಂತು. 'ಮ್ಯಾನ್' ಬಂತು. 'ಬಿಗ್' ಇನ್ನೂ 'ಬಇಗ'.

ನಲಿಕಲಿ ಮೇಷ್ಟ್ರು

'ಬಿಗ್' ಸದ್ಯ ಬಿಡಿ. 'ಫಿಗ್' ಮಾಡಿ, ಎಫ್ ಎಳೆಯಬಹುದು. 'ಇಗ್' ಒಂದೇ ಉಸಿರಲ್ಲಿ ಬರತೊಡಗಿದ ಮೇಲೆ ಮುಂದೆ ಬಿ ಇಡಿ.